ಬೀಜ ಪ್ರಸಾರದ ಪಾಠ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಶಿಕ್ಷಕರು, ಪಾಲಕರು ಬರೆದ ಪತ್ರಗಳಲ್ಲಿ ಬೀಜ ಪ್ರಸಾರದ ಪಾಠದ್ದೇ ಮಾತು ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಾಲ್ಕು ಮತ್ತು ಐದನೇ ತರಗತಿಗೆ ಪರಿಸರ ಅಧ್ಯಯನ ಹೇಳುತ್ತೇನೆ. ಗಾಳಿ, ನೀರು, ಪ್ರಾಣಿ, ಸಿಡಿಯುವಿಕೆ ಎಂದು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಶಾಲೆಯ ಹಿಂದಿನ ಗಿಡದ ಬೀಜ ಕೈಗೆ ಕೊಟ್ಟು ‘ಇದು ಹ್ಯಾಂಗ ಹೋಗ್ತದ?’ ಎಂದರೆ ಸುಮ್ಮನೆ ನಿಲ್ಲುತ್ತಾರೆ. ಪಾಠ ಎಲ್ಲಿಂದ ಶುರು ಮಾಡಲಿ?
– ಶಿಕ್ಷಕಿ, ಸಿಂಧನೂರು ತಾಲ್ಲೂಕು

ಉತ್ತರ: ಪಟ್ಟಿಯನ್ನು ಕೊನೆಗೆ ಇಡಿ, ಬೀಜವನ್ನು ಮೊದಲು ಇಡಿ. ತೆಂಗು, ತಾವರೆಯ ಚಿತ್ರ ತೋರಿಸುವ ಮುಂಚೆ ನಿಮ್ಮ ಸೀಮೆಯಲ್ಲೇ ಸಿಗುವ ಎಂಟು ಬಗೆ ಹೊಂದಿಸಿಕೊಳ್ಳಿ: ಎಕ್ಕೆ, ನುಗ್ಗೆ, ಬೀಜ ಬಿಡಿಸದ ಹತ್ತಿ, ಹೊಂಗೆಕಾಯಿ, ಉತ್ತರಾಣಿ, ನೆಗ್ಗಿಲಮುಳ್ಳು, ಬೇವಿನಹಣ್ಣು, ಹುಣಸೆ. ಒಂದೊಂದನ್ನೂ ಕಾಗದದ ಪೊಟ್ಟಣದಲ್ಲಿ ಹಾಕಿ, ಮೇಲೆ ಹೆಸರಿನ ಬದಲು ಅಂಕಿ ಬರೆಯಿರಿ. ಹೆಸರು ಕಂಡರೆ ಮಕ್ಕಳು ಬೀಜ ನೋಡುವುದನ್ನು ಬಿಟ್ಟು ಉತ್ತರ ನೆನಪಿಸಿಕೊಳ್ಳಲು ಕೂಡುತ್ತಾರೆ.

ಐದೈದು ಮಕ್ಕಳ ಗುಂಪಿಗೆ ಎಂಟೂ ಪೊಟ್ಟಣ ಕೊಡಿ. ಮೊದಲ ಹತ್ತು ನಿಮಿಷ ಬರೀ ನೋಡುವುದು. ರೆಕ್ಕೆ ಇದೆಯೇ, ಕೂದಲಿದೆಯೇ, ಕೊಕ್ಕೆ ಇದೆಯೇ, ತಿರುಳಿದೆಯೇ, ಅಲುಗಿಸಿದರೆ ಒಳಗೆ ಟೊಳ್ಳು ಅನ್ನಿಸುತ್ತದೆಯೇ? ಆಮೇಲೆ ಪ್ರತಿ ಗುಂಪೂ ತನ್ನ ಊಹೆಯನ್ನು ಪೆನ್ನಿನಲ್ಲೇ ಬರೆಯಲಿ. ಪೆನ್ಸಿಲ್ ಕೊಟ್ಟರೆ ಪ್ರಯೋಗ ಮುಗಿದ ಮೇಲೆ ಊಹೆಯೇ ಬದಲಾಗಿರುತ್ತದೆ. ಇಷ್ಟಾದ ಮೇಲೆ ಮೂರು ಪರೀಕ್ಷೆ.

ಮೊದಲನೆಯದು ಬೀಳಿಸುವುದು. ಸೀಲಿಂಗ್ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಈ ಪಾಠ ಕೆಡುವುದು ಹೆಚ್ಚಾಗಿ ಇಲ್ಲೇ. ಎಕ್ಕೆ ಬೀಜ ಫ್ಯಾನಿನ ಸುಳಿಗೆ ಸಿಕ್ಕು ಗೋಡೆಗೆ ಅಂಟಿದರೆ ಮಕ್ಕಳಿಗೆ ಏನೂ ಕಾಣುವುದಿಲ್ಲ. ಸ್ಟಾಪ್‌ವಾಚ್ ಬೇಡ. ಎರಡು ಮೀಟರ್ ಎತ್ತರದಿಂದ ಹುಣಸೆಬೀಜ ನೆಲ ಮುಟ್ಟಲು ಮುಕ್ಕಾಲು ಸೆಕೆಂಡೂ ಹಿಡಿಯುವುದಿಲ್ಲ, ಮಗು ಗುಂಡಿ ಒತ್ತುವಷ್ಟರಲ್ಲಿ ಅದು ಉರುಳುತ್ತಿರುತ್ತದೆ. ಎರಡು ಬೀಜ ಒಟ್ಟಿಗೆ ಬಿಟ್ಟು ಯಾವುದು ಮೊದಲು ಬಿತ್ತು ಎಂದು ನೋಡುವುದೇ ಸರಿಯಾದ ಅಳತೆ. ನುಗ್ಗೆಬೀಜಕ್ಕೆ ತೆಳು ಕಾಗದದಂಥ ಮೂರು ರೆಕ್ಕೆಗಳಿವೆ. ಒಂದರ ರೆಕ್ಕೆ ಕಿತ್ತು, ಇನ್ನೊಂದನ್ನು ಹಾಗೇ ಇಟ್ಟು ಜೋಡಿಯಾಗಿ ಬಿಡಿ. ಎರಡು ಮೀಟರಿನಲ್ಲಿ ವ್ಯತ್ಯಾಸ ಕಡಿಮೆ ಕಾಣುತ್ತದೆ. ಮಹಡಿ ಇದ್ದರೆ ಶಿಕ್ಷಕರು ಮೇಲಿನಿಂದ ಬಿಡಲಿ, ಮಕ್ಕಳು ಕೆಳಗೆ ನಿಲ್ಲಲಿ. ಬಳಿಕ ಇದೇ ಜೋಡಿಯನ್ನು ಬೀಳುವಾಗ ರಟ್ಟಿನಿಂದ ಬೀಸಿ, ಎಷ್ಟು ದೂರ ಹೋಯಿತೆಂದು ಟೇಪಿನಲ್ಲಿ ಅಳೆಯಿರಿ.

ಎರಡನೆಯದು ತೇಲಿಸುವುದು. ಒಣಗಿದವುಗಳಲ್ಲಿ ಹಲವು ಮೊದಲು ತೇಲುತ್ತವೆ. ಅದನ್ನು ನೋಡಿ ಮಕ್ಕಳು ತೇಲಿದ್ದಕ್ಕೆಲ್ಲ ‘ನೀರು’ ಎಂದು ಬರೆದುಬಿಡುತ್ತಾರೆ. ಹಾಗಾಗದಿರಲು ಪ್ರತಿ ಬೀಜವನ್ನೂ ಬೆರಳಿನಿಂದ ಒಮ್ಮೆ ನೀರಿನೊಳಗೆ ಅದುಮಿ ಬಿಡಿ. ಐದು ನಿಮಿಷಕ್ಕೆ, ಒಂದು ತಾಸಿಗೆ, ಮರುದಿನ ಬೆಳಿಗ್ಗೆ, ಹೀಗೆ ಮೂರು ಸಲ ನೋಡಿ ಬರೆಯಲಿ. ಹಳ್ಳದ ದಂಡೆಯಲ್ಲೇ ಬೆಳೆಯುವ ಹೊಂಗೆಯ ಕಾಯಿ ಮರುದಿನವೂ ಮೇಲೆಯೇ ಇರುತ್ತದೆ.

ಮೂರನೆಯದು ಅಂಟಿಸುವುದು. ಹಳೆಯ ಕಾಲುಚೀಲವನ್ನು ಬೀಜಗಳ ಮೇಲೆ ಹಗುರಾಗಿ ಎಳೆದು, ಅಂಟಿದ್ದನ್ನು ಎಣಿಸಿ. ಅದೇ ಚೀಲ ಹಿಡಿದು ಇಪ್ಪತ್ತು ಹೆಜ್ಜೆ ನಡೆದ ಮೇಲೆ ಎಷ್ಟು ಉಳಿದವೆಂದು ಮತ್ತೆ ಎಣಿಸಿ. ಇಲ್ಲಿ ಎರಡು ತಪ್ಪು ಗ್ರಹಿಕೆಗಳಿಗೆ ಎಚ್ಚರವಿರಲಿ. ಎಕ್ಕೆಯ ರೇಷ್ಮೆಗೂದಲು ಬಟ್ಟೆಗೆ ಹತ್ತಿಕೊಳ್ಳುತ್ತದೆ, ಆದರೆ ಊದಿದರೆ ಹೋಗಿಬಿಡುತ್ತದೆ. ಅದು ಕೊಕ್ಕೆಯ ಕೆಲಸವಲ್ಲ. ನೆಗ್ಗಿಲಮುಳ್ಳು ಕಾಲುಚೀಲಕ್ಕೆ ಸರಿಯಾಗಿ ಅಂಟುವುದೇ ಇಲ್ಲ. ಅದು ನೆಲದ ಮೇಲೆ ಮುಳ್ಳು ಮೇಲಾಗಿ ಬಿದ್ದಿದ್ದು, ತುಳಿದವರ ಅಂಗಾಲಿಗೆ ನಾಟುವ ಕಾಯಿ. ಹಳೆಯ ರಬ್ಬರ್ ಚಪ್ಪಲಿಯನ್ನು ಕೈಯಿಂದ ಒತ್ತಿ ತೋರಿಸಿ. ಅದರ ಒಂದು ಕಾಯಿ ಒಡೆದರೆ ಸಾಮಾನ್ಯವಾಗಿ ಐದು ಹೋಳಾಗುತ್ತದೆ, ಪ್ರತಿ ಹೋಳಿಗೂ ತನ್ನದೇ ಮುಳ್ಳಿರುತ್ತದೆ. ಸೈಕಲ್ ಪಂಕ್ಚರಿನ ಲೆಕ್ಕ ಮಕ್ಕಳಿಗೆ ಆಗ ತಾನೇ ಹೊಳೆಯುತ್ತದೆ.

ಒಂದು ತರಗತಿಗೆ ಒಂದೇ ಪರೀಕ್ಷೆ ಸಾಕು. ಮೂರನ್ನೂ ನಲವತ್ತು ನಿಮಿಷದಲ್ಲಿ ತುರುಕಿದರೆ ಉಳಿಯುವುದು ಗದ್ದಲ ಮಾತ್ರ. ಕೆಳ ತರಗತಿಯ ನಲಿಕಲಿ ಮಕ್ಕಳಿಗೆ ಪರೀಕ್ಷೆಯ ಗೊಡವೆ ಬೇಡ, ‘ರೆಕ್ಕೆ ಇರೋದು, ಕೂದಲು ಇರೋದು, ಮುಳ್ಳು ಇರೋದು’ ಎಂದು ಬೇರ್ಪಡಿಸುವ ಆಟ ಆಡಿಸಿ. ಅವರ ಪೊಟ್ಟಣದಲ್ಲಿ ಸಣ್ಣ ಬೀಜ ಇಡಬೇಡಿ, ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ.

ಪ್ರಶ್ನೆ: ‘ಬೀಜ ಗಿಡದ ಬುಡದಾಗ ಬಿದ್ರ ಏನಾಗ್ತದ ಸರ?’ ಎಂದು ಒಬ್ಬ ಹುಡುಗ ಕೇಳಿದ. ಬೆಳಕು, ನೀರು, ಜಾಗಕ್ಕೆ ಪೈಪೋಟಿ ಎಂದು ಹೇಳಿದೆ. ಅವನಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ತೋರಿಸುವುದು ಹೇಗೆ?
– ಶಿಕ್ಷಕ, ಯಲಬುರ್ಗಾ

ಉತ್ತರ: ಒಂದೇ ಅಳತೆಯ ಎರಡು ಡಬ್ಬಿ, ತಳದಲ್ಲಿ ಮೂರ್ಮೂರು ತೂತು, ಒಂದೇ ಮಣ್ಣು. ಒಂದರಲ್ಲಿ 4 ಹೆಸರುಕಾಳು, ಇನ್ನೊಂದರಲ್ಲಿ 40. ಎರಡಕ್ಕೂ ದಿನಕ್ಕೆ ಅಳತೆ ಮಾಡಿ ಅಷ್ಟಷ್ಟೇ ನೀರು. ಅಂಗೈ ಅಗಲದ ಡಬ್ಬಿಗಾದರೆ ಅರ್ಧ ಚಹಾ ಲೋಟ ಸಾಕು. ಕಪ್ಪುಮಣ್ಣನ್ನೇ ಹಾಕಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ, ಮೂರರಲ್ಲಿ ಒಂದು ಪಾಲು ಮರಳು ಬೆರೆಸಿ.

ಮೊದಲ ವಾರ ಫಲಿತಾಂಶ ಉಲ್ಟಾ ಬರುತ್ತದೆ, ಗಾಬರಿಯಾಗಬೇಡಿ. ನಲವತ್ತರ ಡಬ್ಬಿಯೇ ಹಚ್ಚಗೆ, ದಟ್ಟವಾಗಿ ಚೆಂದ ಕಾಣುತ್ತದೆ. ಕಾರಣ, ಆ ಹೊತ್ತಿಗೆ ಸಸಿ ಉಣ್ಣುತ್ತಿರುವುದು ಕಾಳಿನೊಳಗಿನ ಬುತ್ತಿ. ಮಣ್ಣಿನ ಹಂಗು ಇನ್ನೂ ಶುರುವಾಗಿಲ್ಲ. ಎರಡನೇ ವಾರ ದಾಟಿದ ಮೇಲೆ ದಟ್ಟ ಡಬ್ಬಿಯ ಸಸಿಗಳು ಸಪೂರವಾಗಿ ಬಾಗುತ್ತವೆ, ಕೆಳ ಎಲೆ ಹಳದಿಯಾಗುತ್ತವೆ, ಮಧ್ಯಾಹ್ನದ ಬಿಸಿಲಿಗೆ ಮೊದಲು ಬಾಡುತ್ತವೆ. ಮೂರು ವಾರ ಕಾದು ಎರಡೂ ಡಬ್ಬಿಯಿಂದ ನಾಲ್ಕು ನಾಲ್ಕು ಸಸಿ ಬುಡಸಹಿತ ಕಿತ್ತು, ಬೇರು ತೊಳೆದು ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಇಡಿ. ಆ ಹುಡುಗನನ್ನೇ ಎಲೆ ಎಣಿಸಲು ಕೂಡಿಸಿ.

ಕಾಳು ಅಡುಗೆಮನೆಯದ್ದಿರಲಿ. ಬಿತ್ತನೆಯ ಪ್ಯಾಕೆಟ್ಟಿನ ಬಣ್ಣ ಬಳಿದ ಬೀಜಕ್ಕೆ ಕೀಟನಾಶಕ, ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅದು ಮಕ್ಕಳ ಕೈಗೆ ಬರಲೇಬಾರದು.

ಪ್ರಶ್ನೆ: ಪಾಠ ಬರುವ ಹೊತ್ತಿಗೆ ಬೀಜ ಇರುವುದಿಲ್ಲ, ಬೀಜ ಇರುವಾಗ ಶಾಲೆಗೆ ರಜೆ. ಯಾವುದನ್ನು ಯಾವಾಗ ಕೂಡಿಡಬೇಕು?
– ಮುಖ್ಯೋಪಾಧ್ಯಾಯಿನಿ, ಕುಷ್ಟಗಿ ತಾಲ್ಲೂಕು

ಉತ್ತರ: ಗಾಳಿಯ ಬೀಜಗಳದ್ದೇ ಈ ತಕರಾರು. ನಮ್ಮ ಕಡೆ ಎಕ್ಕೆ, ನುಗ್ಗೆ, ತಪಸಿ ಮರದ ದುಂಡು ರೆಕ್ಕೆಕಾಯಿ ಎಲ್ಲ ಒಣಗಿ ಹಾರುವುದು ಬೇಸಿಗೆಯಲ್ಲಿ. ಎಲೆ ಉದುರಿ, ಗಾಳಿ ಜೋರಾಗಿ, ಮಳೆಗಾಲ ಬಾಗಿಲಲ್ಲಿ ನಿಂತಿರುವ ಸಮಯ. ಗಿಡದ ದೃಷ್ಟಿಯಿಂದ ಅದೇ ಸರಿಯಾದ ಮುಹೂರ್ತ, ಶಾಲೆಯ ದೃಷ್ಟಿಯಿಂದ ಏಪ್ರಿಲ್–ಮೇ ರಜೆ. ಆದ್ದರಿಂದ ಮಾರ್ಚ್ ತಿಂಗಳಲ್ಲೇ ಕೂಡಿಟ್ಟುಕೊಳ್ಳಿ. ನುಗ್ಗೆಕಾಯಿ ಮರದಲ್ಲೇ ಕಂದುಬಣ್ಣಕ್ಕೆ ತಿರುಗಿ ಏಣು ಬಿರಿಯತೊಡಗಿದಾಗ ಕೊಯ್ಯಬೇಕು. ಹಸಿರಿದ್ದಾಗ ಕೊಯ್ದು ಒಣಗಿಸಿದರೆ ರೆಕ್ಕೆ ಮುದುಡಿ ಬೀಜಕ್ಕೆ ಅಂಟಿಕೊಳ್ಳುತ್ತದೆ.

ಎಕ್ಕೆಯನ್ನು ದೊಡ್ಡವರೇ ಕೊಯ್ಯಬೇಕು. ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಊದಿಕೊಂಡು ದೃಷ್ಟಿ ಮಂಜಾಗುತ್ತದೆ. ಎಷ್ಟೋ ಸಲ ನೋವು ಅಷ್ಟಾಗಿ ಇರುವುದಿಲ್ಲ, ಅದಕ್ಕೇ ಜನ ತಡ ಮಾಡುತ್ತಾರೆ. ಹಾಗೇನಾದರೂ ಆದರೆ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಕಾಯಿಯ ಹೊಲಿಗೆಯಂಥ ಗೆರೆ ಸ್ವಲ್ಪ ಬಿಟ್ಟಿರಬೇಕು, ಪೂರ್ತಿ ತೆರೆದಿರಬಾರದು. ಅಂಥದ್ದನ್ನು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮುರಿದು, ಸುತ್ತ ದಾರ ಕಟ್ಟಿ, ಹಳೆ ಪೇಪರಿನಲ್ಲಿ ಸುತ್ತಿ ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಹಾಲಿರುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟರೆ ಒಳಗೆ ಬೆವರಿ ಬೂಷ್ಟು ಹಿಡಿದು ರೇಷ್ಮೆಯೆಲ್ಲ ಮುದ್ದೆಯಾಗುತ್ತದೆ.

ಬೇವಿನಹಣ್ಣು ಜೂನ್–ಜುಲೈನಲ್ಲಿ ತಾನಾಗಿ ಶಾಲೆ ಅಂಗಳಕ್ಕೆ ಬೀಳುತ್ತದೆ. ಅದನ್ನು ಮಾತ್ರ ಕೂಡಿಡಬೇಡಿ. ಮೊಳೆಯುವ ಶಕ್ತಿ ಕೆಲವೇ ವಾರಗಳಲ್ಲಿ ಕುಂದುತ್ತದೆ. ಉತ್ತರಾಣಿ, ನೆಗ್ಗಿಲು ಮುಂತಾದ ಅಂಟುವ ಕಾಯಿ ಮಳೆಗಾಲದ ಕೊನೆಯಿಂದ ಚಳಿಗಾಲದುದ್ದಕ್ಕೂ ಸಿಗುತ್ತವೆ. ಹತ್ತಿಯನ್ನು ಬಿಡಿಸುವ ಕಾಲಕ್ಕೆ ಹೊಲದವರನ್ನು ಕೇಳಿ ನಾಲ್ಕು ಕಾಯಿ ತನ್ನಿ. ಪಾರ್ಥೇನಿಯಂ ಬೇಡವೇ ಬೇಡ. ಕಾಂಗ್ರೆಸ್ ಕಸ ಎನ್ನುತ್ತೇವಲ್ಲ, ಅದೇ. ಚರ್ಮ ಕೆರೆಯುತ್ತದೆ, ಉಬ್ಬಸವಿರುವ ಮಕ್ಕಳಿಗೆ ತೊಂದರೆ, ಮೇಲಾಗಿ ಶಾಲೆಯ ಅಂಗಳಕ್ಕೆ ಹೊಸ ಕಸ ತಂದಂತೆ.

ಪ್ರಶ್ನೆ: ಹತ್ತಿಬೀಜ ಗಾಳಿಯಿಂದ ಪ್ರಸಾರವಾಗುತ್ತದೆ ಎಂದು ಗೈಡಿನಲ್ಲಿದೆ. ‘ನಮ್ಮ ಹೊಲದಾಗ ಹತ್ತಿ ಹಾರಂಗಿಲ್ಲ, ಆಳು ಹಚ್ಚಿ ಬಿಡಸ್ತೀವಿ’ ಎಂದು ಮಕ್ಕಳು ನಗುತ್ತಾರೆ. ಯಾರು ಸರಿ?
– ಶಿಕ್ಷಕ, ಸಿರುಗುಪ್ಪ

ಉತ್ತರ: ಹೊಲದ ಮಟ್ಟಿಗೆ ಮಕ್ಕಳೇ ಸರಿ. ಹತ್ತಿಯ ಎಳೆ ಬೀಜದ ಸಿಪ್ಪೆಯಿಂದಲೇ ಹುಟ್ಟುವ ಕೂದಲು, ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ. ಕಾಡುಹತ್ತಿಯಲ್ಲಿ ಈ ಕೂದಲು ಮೋಟಾಗಿರುತ್ತದೆ. ಉದ್ದ ಎಳೆಯ ಗಿಡಗಳನ್ನೇ ಮನುಷ್ಯ ಸಾವಿರಾರು ವರ್ಷ ಆರಿಸಿ ಆರಿಸಿ ಬಿತ್ತಿದ್ದರಿಂದ ಇಂದಿನ ಹತ್ತಿ ಬಂತು. ಅದರ ಬೀಜ ಭಾರ, ಎಳೆ ಸುತ್ತಲೂ ಗೋಜಲು, ಕಾಯಿ ಒಡೆದರೂ ಅಲ್ಲೇ ನೇತಾಡುತ್ತದೆ. ಎಕ್ಕೆಯಲ್ಲಿ ಬೀಜ ಹಗುರ ಮತ್ತು ಚಪ್ಪಟೆ, ಕೂದಲೆಲ್ಲ ಒಂದೇ ತುದಿಯಲ್ಲಿದ್ದು ಒಣಗಿದಾಗ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಒಂದು ಎಕ್ಕೆ ಬೀಜ, ಒಂದು ಎಳೆಸಹಿತ ಹತ್ತಿಬೀಜ ಒಟ್ಟಿಗೆ ಬಿಟ್ಟು ನೋಡಿದರೆ ವಾದ ಮುಗಿಯಿತು.

ಬೂರುಗದ ಅರಳೆಯನ್ನೂ ಇದೇ ಗುಂಪಿಗೆ ಸೇರಿಸುವವರಿದ್ದಾರೆ. ಅಲ್ಲಿ ಎಳೆ ಹುಟ್ಟುವುದು ಬೀಜದಿಂದಲ್ಲ, ಕಾಯಿಯ ಒಳಗೋಡೆಯಿಂದ. ಬೀಜ ಅದರೊಳಗೆ ಹುದುಗಿ ಕೂತು ಗಾಳಿಗೆ ಹೋಗುತ್ತದೆ.

ಕೈಗೆ ಹತ್ತಿ ಬಂದಿರುವಾಗ ಇನ್ನೊಂದು ನೋಡಿಬಿಡಿ. ಹೊಲದ ಹತ್ತಿಯನ್ನೂ ಔಷಧಿ ಅಂಗಡಿಯ ಹತ್ತಿಯನ್ನೂ ನೀರಿಗೆ ಹಾಕಿ. ಹೊಲದ್ದು ತೇಲುತ್ತದೆ, ಅಂಗಡಿಯದ್ದು ನೀರು ಕುಡಿದು ಮುಳುಗುತ್ತದೆ. ಎಳೆಯ ಮೇಲಿನ ಸಹಜ ಮೇಣವನ್ನು ಅಂಗಡಿಯ ಹತ್ತಿಯಿಂದ ತೆಗೆದಿರುತ್ತಾರೆ.

ಪ್ರಶ್ನೆ: ಶೇಂಗಾ ಯಾವ ಗುಂಪಿಗೆ ಸೇರುತ್ತದೆ?
– ಐದನೇ ತರಗತಿ ವಿದ್ಯಾರ್ಥಿ, ಕೊಪ್ಪಳ

ಉತ್ತರ: ನಾಲ್ಕೂ ಗುಂಪಿಗೆ ಸೇರದು. ಹೂ ನೆಲದ ಮೇಲೆ ಅರಳುತ್ತದೆ, ಆಮೇಲೆ ಅದರಿಂದ ಸೂಜಿಯಂಥ ದೇಟು ಇಳಿದು ಮಣ್ಣು ಹೊಕ್ಕು ತುದಿಯಲ್ಲಿ ಕಾಯಿ ಕಟ್ಟುತ್ತದೆ. ಅಂದರೆ ತಾಯಿಗಿಡ ತನ್ನ ಬೀಜವನ್ನು ತಾನೇ ಹೂತಿಡುತ್ತದೆ. ದಕ್ಷಿಣ ಅಮೆರಿಕದ ಈ ಗಿಡ ನಿಮ್ಮ ಹೊಲಕ್ಕೆ ಬಂದದ್ದು ಮನುಷ್ಯನ ಕೈಯಿಂದ. ಎಲ್ಲ ಗಿಡವೂ ಬೀಜವನ್ನು ದೂರ ಕಳಿಸಲೇಬೇಕು ಎಂದೇನಿಲ್ಲ.

ಪ್ರಶ್ನೆ: ಸಿಡಿಯುವ ಬೀಜಕ್ಕೆ ಔಡಲಕಾಯಿ ಬಿಸಿಲಿಗಿಟ್ಟು ತೋರಿಸಬಹುದೇ? ಮರುಳು ಉಮ್ಮತ್ತಿ ಕಾಯಿ ತರಗತಿಗೆ ತರಬಹುದೇ?
– ಶಿಕ್ಷಕಿ, ಮಾನ್ವಿ

ಉತ್ತರ: ಔಡಲ ಚೆನ್ನಾಗಿ ಸಿಡಿಯುತ್ತದೆ, ನಿಜ. ಆದರೆ ಬೀಜದಲ್ಲಿ ರಿಸಿನ್ ಎಂಬ ಕಡು ವಿಷವಿದೆ, ನೋಡಲು ಹೊಳೆಹೊಳೆಯುವ ಚಿತ್ತಾರದ ಬೀಜ, ಸಿಡಿದ ಮೇಲೆ ಬೆಂಚಿನಡಿ ಎಲ್ಲೋ ಉರುಳಿರುತ್ತದೆ. ಎಲ್ಲವನ್ನೂ ಹುಡುಕಿ ತೆಗೆದೆವು ಎಂಬ ಭರವಸೆ ಯಾರಿಗೂ ಇರದು. ಮಗು ಅಗಿದಿದೆ ಎಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಗುಲಗಂಜಿಗೂ ಇದೇ ಮಾತು.

ಅದರ ಬದಲು ಎರಡು ಗಿಡಗಳಿವೆ. ಒಂದು, ರಸ್ತೆಬದಿ ಮತ್ತು ಶಾಲೆ ಕಾಂಪೌಂಡಿನ ಅಂಚಿನಲ್ಲಿ ನೇರಳೆ ಹೂ ಬಿಡುವ ಪುಟ್ಟ ಗಿಡ, ಮಕ್ಕಳು ಚಟಪಟಿ ಕಾಯಿ ಎಂದು ನೀರಿಗೆ ಹಾಕಿ ಆಡುತ್ತಾರಲ್ಲ, ರುಯೆಲಿಯಾ. ಇನ್ನೊಂದು ಕರ್ಣಕುಂಡಲ. ಎರಡನ್ನೂ ಜೋಡಿಯಾಗಿ ತೋರಿಸಿದರೇ ಚೆಂದ, ಏಕೆಂದರೆ ಸಿಡಿಯುವ ಕಾರಣ ಬೇರೆ ಬೇರೆ. ಕರ್ಣಕುಂಡಲದ ಕಾಯಿ ಹಸಿಯಾಗಿ, ನೀರುಂಡು ಬಿಗಿದಿರುವಾಗ ಮುಟ್ಟಿದರೆ ಗೋಡೆ ಸುರುಳಿ ಸುತ್ತಿ ಬೀಜ ಎಸೆಯುತ್ತದೆ. ಚಟಪಟಿ ಕಾಯಿ ಒಣಗಿ ಬಿಗಿದಿರುತ್ತದೆ, ನೀರು ತಾಗಿದಾಗ ಎರಡು ಹೋಳನ್ನು ಹಿಡಿದಿದ್ದ ಅಂಟು ಸಡಿಲವಾಗಿ ಪಟ್ಟನೆ ಬಿರಿಯುತ್ತದೆ. ಮಳೆ ಬಿದ್ದ ದಿನವೇ ಬೀಜ ಹೊರಬರುವ ಏರ್ಪಾಟು ಅದು.

ಪೂರ್ತಿ ಕಂದಾದ, ಬಿರಿಯದ 20 ಚಟಪಟಿ ಕಾಯಿ ಆರಿಸಿ. ನೆಲದ ಮೇಲೆ ಬಿಳಿ ಪಂಚೆ ಹಾಸಿ, ನಡುವೆ ಬಟ್ಟಲಿಟ್ಟು, ಅದರಿಂದ 50 ಸೆಂಟಿಮೀಟರಿಗೆ ಒಂದರಂತೆ ವೃತ್ತ ಎಳೆಯಿರಿ. ಬಟ್ಟಲಲ್ಲಿ ಕಾಯಿಗಳನ್ನಿಟ್ಟು ನೀರು ಚಿಮುಕಿಸಿ ಹಿಂದೆ ಸರಿಯಿರಿ, ಯಾರೂ ಬಗ್ಗಿ ನೋಡಕೂಡದು. ಕೆಲವು ಕೆಲವೇ ಸೆಕೆಂಡುಗಳಲ್ಲಿ, ಕೆಲವು ತುಸು ನಿಧಾನವಾಗಿ ಸಿಡಿಯುತ್ತವೆ. ಏನೂ ಆಗದಿದ್ದರೆ ಕಾಯಿ ಹಸಿ ಇತ್ತು ಅಥವಾ ಹಿಂದಿನ ರಾತ್ರಿಯ ತೇವ ಕುಡಿದಿತ್ತು ಎಂದರ್ಥ, ಒಂದು ದಿನ ಬಿಸಿಲಿಗಿಟ್ಟು ಮತ್ತೆ ಮಾಡಿ. ‘ನಂದು ಎಲ್ಲಕ್ಕಿಂತ ದೂರ ಹೋತು’ ಎಂಬ ಒಂದೇ ಬೀಜದ ಹಿಂದೆ ಮಕ್ಕಳು ಬೀಳುತ್ತಾರೆ. ಪ್ರತಿ ವೃತ್ತದೊಳಗೆ ಎಷ್ಟು ಬೀಜ ಬಿದ್ದವು ಎಂದು ಎಣಿಸಿ ಸ್ತಂಭನಕ್ಷೆ ಬರೆಸಿ. ಆಗ ಗಣಿತದ ತರಗತಿಯೂ ಆಯಿತು.

ಮರುಳು ಉಮ್ಮತ್ತಿ ತರಬಹುದು, ಗುರುತು ಮಾತ್ರ ತಪ್ಪಬಾರದು. ಅದರ ಕಾಯಿ ಸುಮಾರು ಎರಡು ಸೆಂಟಿಮೀಟರ್ ಉದ್ದದ ಮೊಟ್ಟೆಯಾಕಾರ, ಮುಳ್ಳಿನ ತುದಿ ಕೊಕ್ಕೆ, ಬಟ್ಟೆಗೆ ಬಿಡದೆ ಅಂಟುತ್ತದೆ. ಮದಗುಣಕಿಯ (ದತ್ತೂರಿಯ) ಕಾಯಿ ಅದಕ್ಕಿಂತ ದೊಡ್ಡದು, ದುಂಡಗೆ, ಮುಳ್ಳು ನೆಟ್ಟಗೆ, ಬಟ್ಟೆಗೆ ಅಂಟುವುದಿಲ್ಲ. ಒಳಗಿನ ಬೀಜ ವಿಷ. ಹೆಸರು ಹೇಳಿ ಮಕ್ಕಳನ್ನು ತರಲು ಕಳಿಸಿದರೆ ಇದನ್ನೂ ತರಬಹುದು, ನೀವೇ ಹೋಗಿ ತನ್ನಿ. ಮರುಳು ಉಮ್ಮತ್ತಿಯ ಒಂದು ಕಾಯಿಯೊಳಗೆ ಎರಡು ಬೀಜ, ಸಾಮಾನ್ಯವಾಗಿ ಒಂದು ಮೊದಲು ಮೊಳೆತರೆ ಇನ್ನೊಂದು ತಡವಾಗಿ ಮೊಳೆಯುತ್ತದೆ. ಕೊಕ್ಕೆಯನ್ನು ಭೂತಗನ್ನಡಿಯಲ್ಲಿ ತೋರಿಸಿದ ಮೇಲೆ ಮಕ್ಕಳ ಚೀಲದ ವೆಲ್ಕ್ರೋ ಪಟ್ಟಿಯನ್ನೂ ತೋರಿಸಿ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ 1941ರಲ್ಲಿ ತನ್ನ ನಾಯಿಯ ಮೈಗೆ ಅಂಟಿದ ಬರ್ಡಾಕ್ ಎಂಬ ಗಿಡದ ಕಾಯಿ ನೋಡಿ ಆ ಯೋಚನೆಗೆ ಬಂದದ್ದು, 1955ರಲ್ಲಿ ಪೇಟೆಂಟ್ ಪಡೆದ.

ಪ್ರಶ್ನೆ: ನಮ್ಮೂರ ಕುರಿದೊಡ್ಡಿಯ ಸುತ್ತ ಬಳ್ಳಾರಿ ಜಾಲಿಯೇ ತುಂಬಿದೆ. ಇದನ್ನು ಪಾಠಕ್ಕೆ ಬಳಸಬಹುದೇ?
– ಪಾಲಕರು, ದೇವದುರ್ಗ ತಾಲ್ಲೂಕು

ಉತ್ತರ: ಇದಕ್ಕಿಂತ ಒಳ್ಳೆ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಮೂಲ ಅಮೆರಿಕ ಖಂಡ. 19ನೇ ಶತಮಾನದಲ್ಲಿ ಭಾರತಕ್ಕೆ ತಂದರು, ಮುಂದಿನ ಕೆಲಸ ದನ, ಕುರಿ, ಆಡು ಮಾಡಿದವು. ಕಾಯಿಯ ಸಿಹಿ ತಿರುಳಿಗೆ ಅವು ಬರುತ್ತವೆ, ಗಟ್ಟಿ ಸಿಪ್ಪೆಯ ಬೀಜಗಳಲ್ಲಿ ಹಲವು ಜೀರ್ಣವಾಗದೆ ಸಗಣಿ, ಹಿಕ್ಕೆಯೊಂದಿಗೆ ಗೊಬ್ಬರಸಹಿತ ಹೊರಬೀಳುತ್ತವೆ. ಆಡು, ಕುರಿ ಚೆನ್ನಾಗಿ ಅಗಿಯುವುದರಿಂದ ಬೀಜ ಹೆಚ್ಚು ಹಾಳಾಗುತ್ತದೆ, ದನದ ಹೊಟ್ಟೆಯಿಂದ ಹೆಚ್ಚು ಪಾರಾಗುತ್ತದೆ.

ಪ್ರಯೋಗಕ್ಕೆ ಮಾತ್ರ ಬಳ್ಳಾರಿ ಜಾಲಿ ಬೇಡ, ಕರಿಜಾಲಿ ತೆಗೆದುಕೊಳ್ಳಿ. ಬಿಸಾಡಿದ ಒಂದು ಸಸಿ ಹೊಲ ಸೇರಿದರೆ ಕಿತ್ತು ಮುಗಿಸುವವರು ಯಾರು? ಒಣ ಕಾಯಿಯಿಂದ 20 ಬೀಜ ತೆಗೆದು 10ನ್ನು ಹಾಗೇ ಬಿತ್ತಿ. ಉಳಿದ 10ನ್ನು ದೊಡ್ಡವರು ಕುದಿಸಿ ಕೆಳಗಿಳಿಸಿದ ನೀರಿಗೆ ಹಾಕಿ, ಅದೇ ನೀರಿನಲ್ಲಿ ಮರುದಿನದವರೆಗೆ ಬಿಟ್ಟು ಬಿತ್ತಬೇಕು. ಒಲೆಯ ಮೇಲೆಯೇ ಕುದಿಸಿದರೆ ಬೀಜ ಬೆಂದುಹೋಗುತ್ತದೆ. ಬಿಸಿನೀರಿನದ್ದು ಬೇಗ, ಹೆಚ್ಚು ಮೊಳೆಯುತ್ತದೆ. ಪ್ರಾಣಿಯ ಹೊಟ್ಟೆಯೂ ಆ ಸಿಪ್ಪೆಯನ್ನು ಸಡಿಲಿಸಬಲ್ಲದು ಎಂಬುದನ್ನು ಅಲ್ಲಿಂದ ಹೇಳಿ. ಹಿಕ್ಕೆ ಒಡೆದು ಬೀಜ ಹುಡುಕುವುದಾದರೆ ಪೂರ್ತಿ ಒಣಗಿದ್ದನ್ನು ಕಡ್ಡಿಯಿಂದ ಒಡೆಯಿರಿ, ಸೋಪಿನಿಂದ ಕೈ ತೊಳೆಸಿ.

ರಾಯಚೂರು ಕೋಟೆಯ ಗೋಡೆಬಿರುಕಿನಲ್ಲಿ ಆಲ, ಅರಳಿ ಸಸಿ ತೋರಿಸಿದರೆ ಹಕ್ಕಿಯ ಪಾತ್ರಕ್ಕೆ ಬೇರೆ ಸಾಕ್ಷಿ ಬೇಡ. ಕೆಳಗಿನಿಂದಲೇ ನೋಡಲಿ. ಬಾರಿಹಣ್ಣಿನ ಗಟ್ಟಿ ಬೀಜ ನುಂಗಿ ಬೇರೆಡೆ ಹಾಕುವ ಕರಡಿಯ ಮಾತು ಬಂದರೆ ದರೋಜಿ ಕರಡಿಧಾಮದ ಪ್ರವಾಸಕ್ಕೆ ಪಾಠವನ್ನು ಜೋಡಿಸಬಹುದು, ಆದರೆ ಧಾಮದೊಳಗಿನಿಂದ ಬೀಜವನ್ನಾಗಲಿ ಕಾಯಿಯನ್ನಾಗಲಿ ತರುವಂತಿಲ್ಲ.

ಪ್ರಶ್ನೆ: ಮೊಮ್ಮಗ ಸೀತಾಫಲದ ಬೀಜ ನುಂಗಿ, ಹೊಟ್ಟೆಯಲ್ಲಿ ಗಿಡ ಬೆಳೀತದ ಅಂತ ಅಳುತ್ತಿದ್ದಾನೆ.
– ಅಜ್ಜಿ, ಗಂಗಾವತಿ

ಉತ್ತರ: ಬೆಳೆಯುವುದಿಲ್ಲ ಅಮ್ಮಾ, ಮೊಳಕೆಗೆ ಗಾಳಿ ಬೇಕು. ನುಂಗಿದ ಒಂದೆರಡು ಬೀಜ ಇಡಿಯಾಗಿಯೇ ಹೊರಗೆ ಹೋಗುತ್ತವೆ. ಅಗಿಯಬಾರದು ಎಂದು ಮಾತ್ರ ಹೇಳಿಕೊಡಿ. ಅದರ ಪುಡಿ ಕಣ್ಣಿಗೆ ಬಿದ್ದರಂತೂ ಬಹಳ ಕೆಟ್ಟದ್ದು.

ಪ್ರಶ್ನೆ: ಈ ಪಾಠದ ಮೌಲ್ಯಮಾಪನಕ್ಕೆ ಬಿಟ್ಟಸ್ಥಳ, ಹೊಂದಿಸಿ ಬರೆಯಿರಿ ಬಿಟ್ಟು ಬೇರೆ ಏನಿದೆ?
– ಶಿಕ್ಷಕ, ಸಂಡೂರು

ಉತ್ತರ: ಮಕ್ಕಳಿಂದಲೇ ಬೀಜ ಮಾಡಿಸಿ. ಪ್ರತಿ ಜೋಡಿಗೆ ಒಂದು ಕಡಲೆಕಾಳು, ಒಂದು ಹಾಳೆ, ಚಿಟಿಕೆ ಹತ್ತಿ, ದಾರ, ಅಂಟು. ಚೀಟಿ ಎತ್ತಿಸಿ: ‘ಒಂದು ತಾಸು ತೇಲಬೇಕು’, ‘ಕಂಬಳಿಗೆ ಅಂಟಿ ಇಪ್ಪತ್ತು ಹೆಜ್ಜೆ ಹೋಗಬೇಕು’, ‘ಬೀಸಿದ ಗಾಳಿಗೆ ಎರಡು ಮೀಟರ್ ದಾಟಬೇಕು’. ಮಾಡಿದ್ದಕ್ಕೆ ಅರ್ಧ ಅಂಕ, ಯಾವ ನಿಜವಾದ ಬೀಜದಿಂದ ಆ ಉಪಾಯ ಕಲಿತರು ಎಂದು ಹೇಳಿದ್ದಕ್ಕೆ ಇನ್ನರ್ಧ. ಕಾಳು ಕೆಳಗೆ ಬಿದ್ದು ಬರೀ ಕಾಗದ ಹಾರಿದರೆ ಅಂಕವಿಲ್ಲ. ಬೀಜವಿಲ್ಲದ ರೆಕ್ಕೆಯಿಂದ ಗಿಡಕ್ಕೇನು ಲಾಭ?

ರೆಕ್ಕೆಯ ಚೀಟಿ ಬಂದವರಿಗೆ ಸುಲಭದ ನಮೂನೆ: 15 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಕಾಗದಪಟ್ಟಿ. ಮೇಲಿನಿಂದ ನಡುಮಧ್ಯೆ 7 ಸೆಂಟಿಮೀಟರ್ ಸೀಳಿ ಎರಡು ಭಾಗವನ್ನು ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಮಡಚಬೇಕು. ಕೆಳಭಾಗವನ್ನು ಉದ್ದುದ್ದ ಮಡಚಿ, ತುದಿಯಲ್ಲಿ ಕಾಳಿಟ್ಟು ಅಂಟಿಸಬೇಕು. ಗಿರಗಿರ ತಿರುಗದೆ ಕಲ್ಲಿನಂತೆ ಬಿದ್ದರೆ ಎರಡೂ ರೆಕ್ಕೆ ಒಂದೇ ಕಡೆ ಮಡಚಿರುತ್ತಾರೆ, ಅಥವಾ ರಟ್ಟು ಬಳಸಿರುತ್ತಾರೆ. ಹೊಯ್ದಾಡುತ್ತ ಬಿದ್ದರೆ ಕೆಳಗೆ ಭಾರ ಸಾಲದು. ರೆಕ್ಕೆಗಳ ಮಡಿಕೆ ಅದಲುಬದಲು ಮಾಡಿದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಅದನ್ನು ನೀವು ಹೇಳಬೇಡಿ, ಯಾವ ಜೋಡಿ ಮೊದಲು ಕಂಡುಹಿಡಿಯುತ್ತದೋ ಕಾದು ನೋಡಿ.